ಉಸ್ತಾದನ ಹೆಸರಲ್ಲಿ ಒಂದು ಸಾಲು

“ನಾನು ಮಾಡಿದ ಗಾಜಿಗೆ ಕ್ಷಮೆ ಕೇಳೋಕೆ ನೀವ್ಯಾರು ಮೇಡಂ?”

ಬಾಗಿಲಲ್ಲಿ ನಿಂತವನ ಕೈಯಲ್ಲಿ ಅವಳೇ ಹಿಂದಿನ ದಿನ ಕಳಿಸಿದ್ದ ಪತ್ರದ ಪ್ರತಿಯಿತ್ತು. ಬೆಂಕಿಯ ಮುಂದೆ ಹಾಕುವ ಗುಲಾಬಿ ಛಾಯೆಯ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ. ಅದು ಅಲ್ಲಿರುವುದೇ ಮರೆತುಹೋದವನಂತೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡುತ್ತಿದ್ದ.

ಪ್ರಯೋಗಶಾಲೆಗಳಿಗೆ ಬೇಕಾದ ಗಾಜಿನ ಸಾಮಾನು ಮಾಡುವ ಕಾರ್ಖಾನೆ ಅದು. ಕೆಳಗೆ ಬೆಂಕಿ, ಮೇಲೆ ಕಾಗದ. ಮೇಲಿನ ಮಹಡಿಯಲ್ಲಿ ಕೂತು ಹದಿನೇಳು ದೇಶಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಅವಳ ಕೆಲಸ. ಒಂದು ಕಾಮಾ ತಪ್ಪಿದ್ದರೂ ಪತ್ರ ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ಅವಳಿಗೊಂದು ಅಡ್ಡಹೆಸರು ಬಿದ್ದಿತ್ತು. ಮೊದಲು ‘ಕಾಮಾ ಮೇಡಂ’ ಅಂತಲೇ ಶುರುವಾಗಿತ್ತಂತೆ. ಮದುವೆಯಾಗದ ಹೆಂಗಸನ್ನು ಹಾಗೆ ಕರೆದರೆ ಕೇಳಿದವರು ಏನು ತಿಳಿದಾರು ಎಂದು ರವಾನೆ ವಿಭಾಗದ ಹಿರಿಯರೊಬ್ಬರು ಅದನ್ನು ಶುದ್ಧ ಕನ್ನಡಕ್ಕೆ ತಿರುಗಿಸಿ ಮಾನ ಉಳಿಸಿದ್ದರು. ಅಂದಿನಿಂದ ಅವಳು ‘ಅಲ್ಪವಿರಾಮ’.

ಬಾಗಿಲಲ್ಲಿ ನಿಂತವನು ಯಾರೆಂದು ಅವಳಿಗೆ ಗೊತ್ತಿತ್ತು. ವಯಸ್ಸು ಮೂವತ್ತಾರೇ ಆದರೂ ಕೆಳಗೆ ಎಲ್ಲರೂ ಅವನನ್ನು ‘ಉಸ್ತಾದ್’ ಎಂದೇ ಕರೆಯುತ್ತಿದ್ದರು. ಯಂತ್ರಕ್ಕೆ ಬಗ್ಗದ ಗಾಜು ಅವನ ಉಸಿರಿಗೆ ಬಗ್ಗುತ್ತಿತ್ತು.

“ಅದರಲ್ಲಿ ಕ್ಷಮೆ ಎಲ್ಲಿದೆ, ತೋರಿಸಿ,” ಅಂದಳು.

ಅವನು ಬೆರಳಿಟ್ಟು ತೋರಿಸಿದ. “ರಿಗ್ರೆಟ್ ಅಂತ ಇದೆಯಲ್ಲ. ದಾರೀಲಿ ಒಡೆದ ಸಾಮಾನಿಗೆ ನಾವ್ಯಾಕೆ ತಪ್ಪೊಪ್ಪಿಕೊಳ್ಳಬೇಕು?”

“ರಿಗ್ರೆಟ್ ಬೇರೆ, ಅಪಾಲಜೈಸ್ ಬೇರೆ. ಹೀಗಾಗಿದ್ದು ನಮಗೂ ಬೇಜಾರು ಅಂತ ಬರೆದಿದ್ದೀನಿ. ನಮ್ಮಿಂದ ಆಯ್ತು ಅಂತ ಬರೆದಿಲ್ಲ.”

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. “ಓ! ಸಾವಿನ ಮನೇಲಿ ಹೇಳೋದು ಒಂದು, ಕಾಲು ತುಳಿದಾಗ ಹೇಳೋದು ಇನ್ನೊಂದು.”

ಒಂಬತ್ತು ವರ್ಷ ಅದೇ ಕೆಲಸ ಮಾಡಿದ್ದ ಅವಳಿಗೆ ಇಷ್ಟು ಸಲೀಸಾಗಿ ಹೇಳಲು ಒಮ್ಮೆಯೂ ಬಂದಿರಲಿಲ್ಲ. ನಗು ತಡೆಯಲಾಗದೆ ಮುಖ ಪಕ್ಕಕ್ಕೆ ತಿರುಗಿಸಿದಳು. ತಿರುಗಿಸಿದ್ದು ತಡವಾಯಿತು. ಅವನು ನೋಡಿಬಿಟ್ಟಿದ್ದ.

ಎರಡು ವಾರ ಕಳೆದ ಮೇಲೆ ಅವನು ಮತ್ತೆ ಬಂದ. ಈ ಸಲ ಬಾಗಿಲು ತಟ್ಟಿ, ಮೊಬೈಲ್ ಹಿಡಿದುಕೊಂಡು ಬಂದ. ದೂರದ ದೇಶದ ವಿಶ್ವವಿದ್ಯಾಲಯವೊಂದರ ಪ್ರೊಫೆಸರಮ್ಮನಿಂದ ಮೇಲ್ ಬಂದಿತ್ತು, ರವಾನೆ ವಿಭಾಗದವರು ಅದನ್ನು ಅವನಿಗೆ ದಾಟಿಸಿದ್ದರು. ಅವನು ಊದಿ ಮಾಡಿದ ಸುರುಳಿ ಕೊಳವೆಯೊಂದು ಆಕೆಯ ಪ್ರಯೋಗಶಾಲೆ ಸೇರಿತ್ತು. ಒಂದರೊಳಗೊಂದು ಮೂರು ಸುರುಳಿ, ಎಲ್ಲೂ ಒಂದಕ್ಕೊಂದು ತಾಗಿರಲಿಲ್ಲ. ಇದನ್ನು ಮಾಡಿದ ಕೈ ಯಾವುದು ಎಂದು ಆಕೆ ಕೇಳಿದ್ದಳು.

“ನನ್ನ ಇಂಗ್ಲಿಷ್ ಗೇಟಿನವರೆಗೆ ಹೋಗುತ್ತೆ, ದೇಶ ದಾಟಲ್ಲ. ನೀವೇ ಬರೆದುಕೊಡಬೇಕು.”

ಹಾಗೆ ಶುರುವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಪ್ಯಾಕಿಂಗ್ ಕೋಣೆಯ ಕಿಟಕಿಯ ಬಳಿ, ರಟ್ಟಿನ ಪೆಟ್ಟಿಗೆಗಳ ನಡುವೆ ಇಬ್ಬರೂ ಕೂರುತ್ತಿದ್ದರು. ಅವಳ ಮಡಿಲಲ್ಲಿ ಲ್ಯಾಪ್‌ಟಾಪ್, ಅವನ ಕೈಯಲ್ಲಿ ಟೀ ಲೋಟ. ಅವನು ಕನ್ನಡದಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷಿಗೆ ಇಳಿಸುತ್ತಿದ್ದಳು.

“ಕೊನೇಲಿ ಏನು ಹಾಕಲಿ? ಬೆಸ್ಟ್ ರಿಗಾರ್ಡ್ಸ್, ಕೈಂಡ್ ರಿಗಾರ್ಡ್ಸ್, ವಾರ್ಮ್ ರಿಗಾರ್ಡ್ಸ್?”

“ಏನು ವ್ಯತ್ಯಾಸ?”

“ಬೆಸ್ಟ್ ಅಂದ್ರೆ ಕೈಕುಲುಕಿದ ಹಾಗೆ. ಕೈಂಡ್ ಅಂದ್ರೆ ಕೂತ್ಕೊಳ್ಳಿ ಅಂತ ಕುರ್ಚಿ ಎಳೆದು ಕೊಟ್ಟ ಹಾಗೆ. ವಾರ್ಮ್ ಅಂದ್ರೆ…”

“ಎಷ್ಟು ಡಿಗ್ರಿ?”

“ಏನು?”

“ವಾರ್ಮ್ ಅಂದ್ರೆ ಎಷ್ಟು ಡಿಗ್ರಿ ಅಂತ ಕೇಳ್ದೆ. ನಮ್ಮ ಗಾಜು ಮೆತ್ತಗಾಗೋಕೆ ಎಂಟುನೂರಿಪ್ಪತ್ತು ಬೇಕು. ಅಷ್ಟಿರುತ್ತಾ?”

“ಅಷ್ಟಿದ್ರೆ ಕಾಗದ ಸುಟ್ಟುಹೋಗುತ್ತೆ.”

“ಹಾಗಾದ್ರೆ ಕೈಂಡೇ ಹಾಕಿ. ಪ್ರೊಫೆಸರಮ್ಮನ ಜೊತೆ ನಮಗೆ ಬೆಂಕಿ ಯಾಕೆ?” ಎಂದು ಟೀ ಲೋಟದ ಅಂಚಿನ ಮೇಲಿಂದ ಅವಳನ್ನು ನೋಡಿದ. ಊದಿ ಊದಿ ಗಟ್ಟಿಯಾದ ಕೆನ್ನೆ ಅವನದು. ನಕ್ಕರೆ ಎಡಗಡೆ ಮಾತ್ರ ಸಣ್ಣ ಗುಳಿ ಬೀಳುತ್ತಿತ್ತು. ಅದು ಬೀಳುವುದನ್ನು ಕಾಯುತ್ತಾ ‘ರಿಗಾರ್ಡ್ಸ್’ ಎಂಬ ಪದದ ಸ್ಪೆಲಿಂಗ್ ಅವಳು ಎರಡು ಸಲ ತಪ್ಪಿದಳು. ಅಲ್ಪವಿರಾಮ ತಪ್ಪಿದಳೆಂದರೆ ಕಾರ್ಖಾನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಆದರೆ ಕೆಳಗಿನ ಮಹಡಿಯಲ್ಲಿ ಕಾಲ ಬದಲಾಗುತ್ತಿತ್ತು. ಹೊಸ ಯಂತ್ರ ಬಂದು ಕೂತಿತು. ಕೈಯಿಂದ ಊದುವವರ ಆರು ಬರ್ನರುಗಳಲ್ಲಿ ನಾಲ್ಕು ಆರಿದವು. ಉಸ್ತಾದನನ್ನು ಯಂತ್ರದ ಪಕ್ಕ ನಿಲ್ಲಿಸಿ, ಸಾಲಾಗಿ ಬರುವ ಬಾಟಲಿಗಳಲ್ಲಿ ಗುಳ್ಳೆ ಇದೆಯೇ ಎಂದು ನೋಡುವ ಕೆಲಸ ಕೊಟ್ಟರು. ದಿನವಿಡೀ ಕೈಕಟ್ಟಿ ನೋಡುವುದು, ಅಷ್ಟೇ. ಊಟದ ಹೊತ್ತಿಗೆ ಮೇಲೆ ಬಂದಾಗ ಅವನ ಬೆರಳುಗಳು ಸುಮ್ಮನಿರಲಾರದೆ ಟೀ ಲೋಟವನ್ನೇ ತಿರುಗಿಸುತ್ತಿದ್ದವು.

ಅಂಥ ಒಂದು ದಿನ ಪ್ರೊಫೆಸರಮ್ಮನ ದೊಡ್ಡ ಪತ್ರ ಬಂತು. ನಮ್ಮಲ್ಲೇ ಗಾಜಿನ ಕಾರ್ಯಾಗಾರವಿದೆ, ಊದುವವರು ನಿವೃತ್ತರಾಗುತ್ತಿದ್ದಾರೆ, ನೀವು ಬರುತ್ತೀರಾ? ಎರಡು ವರ್ಷದ ಒಪ್ಪಂದ. ಶುಕ್ರವಾರದೊಳಗೆ ತಿಳಿಸಿ.

ಅವಳು ಓದಿ ಹೇಳಿದಳು. ಓದುತ್ತಾ ಓದುತ್ತಾ ತನ್ನ ದನಿ ತನ್ನದಲ್ಲವೆನಿಸಿತು.

ಅವನು ಎದ್ದು ಕಿಟಕಿಯವರೆಗೆ ಹೋದ, ವಾಪಸ್ ಬಂದ. “ಬರ್ತೀನಿ ಅಂತ ಬರೀರಿ. ಚೆನ್ನಾಗಿ ಬರೀರಿ, ಮೇಡಂ.” ಆಮೇಲೆ ಯಾಕೋ ತಡೆದು ನಿಂತ. “ನಿಮಗೇನನ್ನಿಸುತ್ತೆ?”

“ನನಗೇನನ್ನಿಸಬೇಕು? ಒಳ್ಳೇದೇ ಅಲ್ವಾ?”

“ಹೂಂ. ಒಳ್ಳೇದೇ.”

ಅವನು ಇನ್ನೂ ಏನೋ ಕೇಳುವವನಂತೆ ನಿಂತಿದ್ದ. ಅವಳು ತಲೆ ಎತ್ತಲಿಲ್ಲ. ಅವನು ಹೋದ.

ಶುಕ್ರವಾರದವರೆಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರು ಕುಡಿಯಲು ಎದ್ದವಳು ಬಾಟಲಿ ಮರೆತು ಹೋಗುವಳು. ಬಾಟಲಿ ತರಲು ಬಂದವಳು ಯಾಕೆ ಬಂದೆನೆಂದು ಮರೆಯುವಳು. ಪರದೆಯ ಮೇಲೆ ಎರಡು ಸಾಲು ಬರೆದಿಟ್ಟಿದ್ದಳು. ‘ಐ ವುಡ್ ಬಿ ಹ್ಯಾಪಿ ಟು ಅಕ್ಸೆಪ್ಟ್.’ ಅದರ ಕೆಳಗೆ, ‘ಐ ವುಡ್ ಬಿ ಹ್ಯಾಪಿ ಟು ಕನ್ಸಿಡರ್.’ ಒಂದರಲ್ಲಿ ಒಪ್ಪಿಗೆ, ಇನ್ನೊಂದರಲ್ಲಿ ಬರೀ ಯೋಚನೆ. ಎರಡರಲ್ಲೂ ಸಂತೋಷ ಅಷ್ಟೇ, ವಿನಯವೂ ಅಷ್ಟೇ. ಕೊನೆಯ ಒಂದು ಪದದಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ ಅಥವಾ ಹೋಗುತ್ತಿದ್ದ.

ಶುಕ್ರವಾರ ಅವನು ಬಂದಾಗ ಪರದೆಯ ಮೇಲೆ ಒಂದೇ ಸಾಲು ಉಳಿದಿತ್ತು. ಅವನು ಬಗ್ಗಿ ನಿಧಾನವಾಗಿ ಓದಿದ. ಅವನ ತೋಳಿನ ಬಿಸಿ ಅವಳ ಭುಜಕ್ಕೆ ತಾಗುವಷ್ಟು ಹತ್ತಿರ.

“ಈ ಕನ್ಸಿಡರ್ ಅಂದ್ರೆ?”

“ಅದು ಮರ್ಯಾದೆಯ ಮಾತು,” ಅಂದಳು. ಸುಳ್ಳಲ್ಲ. ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದಾಗಿತ್ತು.

“ನೀವು ಬರೆದಿದ್ದಲ್ವಾ, ಸರಿ ಇರುತ್ತೆ,” ಎಂದು ಅವನೇ ಬಟನ್ ಒತ್ತಿದ.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿಬಂದ.

“ನೋಡಿ ಮೇಡಂ, ಬಂತು! ನಾನೇ ಓದ್ದೆ. ಎಲ್ಲಾ ಒಳ್ಳೆ ಮಾತೇ ಬರೆದಿದ್ದಾರೆ. ‘ವಿ ಕ್ವೈಟ್ ಅಂಡರ್‌ಸ್ಟ್ಯಾಂಡ್’ ಅಂತೆ. ನನ್ನ ವಿವರ ಫೈಲಿನಲ್ಲಿ ಇಟ್ಕೊಳ್ತಾರಂತೆ. ಕೊನೇಲಿ ನೋಡಿ, ‘ವಿತ್ ಆಲ್ ಗುಡ್ ವಿಶಸ್.’ ಇಷ್ಟು ದಿನ ಬರೀ ಕೈಂಡ್ ಅಂತಿದ್ರು, ಈಗ ಆಲ್ ಅಂತೆ! ಟಿಕೆಟ್ ಯಾವಾಗ ಕಳಿಸ್ತಾರೆ ಅಂತ ಕೇಳೋಣ್ವಾ?”

ಅವಳು ಓದಿದಳು. ನಿಮಗೆ ಮನಸ್ಸಿಲ್ಲವೆಂದು ತಿಳಿಯಿತು, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬುದನ್ನೇ ಅವರು ಹಾಗೆ ಹೇಳಿದ್ದರು. ಇಷ್ಟು ಮೆತ್ತಗೆ ಮುಚ್ಚಿದ ಬಾಗಿಲನ್ನು ಅವಳು ಇದುವರೆಗೆ ನೋಡಿರಲಿಲ್ಲ. ಪತ್ರಗಳಲ್ಲಿ ಎಷ್ಟೋ ಬಾಗಿಲುಗಳನ್ನು ತಾನೇ ಮುಚ್ಚಿದವಳು ಅವಳು.

ಅವನ ಎಡಗೆನ್ನೆಯಲ್ಲಿ ಗುಳಿ ಬಿದ್ದಿತ್ತು. ಅದನ್ನು ನೋಡಲಾಗಲಿಲ್ಲ ಅವಳಿಂದ.

“ನಾಳೆ… ನಾಳೆ ಬೆಳಿಗ್ಗೆ ಹೇಳ್ತೀನಿ,” ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಮನೆಯಲ್ಲಿ ಅವಳೂ ಚಿಕ್ಕಮ್ಮನೂ ಇಬ್ಬರೇ. ಚಿಕ್ಕಮ್ಮ ಹೊಲಿಗೆ ಹೇಳಿಕೊಡುತ್ತಿದ್ದವಳು. ಸೂಜಿಗಿಂತ ನಾಲಿಗೆ ಚುರುಕು. ಸಂಜೆ ಅವಳು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡುವುದನ್ನು ನೋಡಿ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

“ಏನೇ, ನೆಲ ಸವೆಸೋ ಹರಕೆ ಹೊತ್ತಿದ್ದೀಯಾ? ಕೂತ್ಕೊಂಡು ಹೇಳು.”

ಕೂತಳು. ಎಲ್ಲ ಹೇಳಿದಳು.

ಚಿಕ್ಕಮ್ಮ ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡಳು. “ಹಿಂದೊಮ್ಮೆ ಒಬ್ಬ ಹುಡುಗ ಮದುವೆಯಾಗ್ತೀಯಾ ಅಂತ ಬರೆದು ಕೇಳಿದ್ದ ನಿನ್ನನ್ನ. ನೀನು ಉತ್ತರದ ಮೂರನೇ ಕರಡು ತಿದ್ದೋ ಹೊತ್ತಿಗೆ ಅವನ ಲಗ್ನಪತ್ರಿಕೆ ಬಂತು. ಅದು ನಿನ್ನ ಬದುಕು, ನೀನು ಹಾಳು ಮಾಡ್ಕೊಂಡೆ, ನಾನು ಸುಮ್ಮನಿದ್ದೆ. ಇದು ಅವನ ಬದುಕು ಕಣೇ.”

“ಗೊತ್ತು ಚಿಕ್ಕಮ್ಮ.”

“ಗೊತ್ತಿದ್ದೂ ಮಾಡಿದ್ಯಲ್ಲ. ಅಷ್ಟು ಬೇಕಾ ಅವನು?”

ಅವಳು ಹೌದೆಂದು ತಲೆಯಾಡಿಸಿದಳು. ಚಿಕ್ಕಮ್ಮ ಮೇಜಿನ ಮೇಲಿನ ಬಟ್ಟೆಯ ಚೂರಿನಿಂದಲೇ ಅವಳ ಕಣ್ಣು ಒರೆಸಿ, “ಅವನಿಗೆ ಹೇಳು. ಸುತ್ತಿ ಬಳಸಿ ಹೇಳಬೇಡ,” ಅಂದಳು.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವಳು ಕೆಳಗಿನ ಮಹಡಿಗೆ ಇಳಿದಳು. ಉಳಿದ ಎರಡು ಬರ್ನರುಗಳಲ್ಲಿ ಒಂದರ ಮುಂದೆ ಉಸ್ತಾದ್ ಒಬ್ಬನೇ ಇದ್ದ. ಕೆಲಸ ಶುರುವಾಗುವ ಮುಂಚೆ ಅರ್ಧ ಗಂಟೆ ಬಂದು, ಕೈ ಮರೆಯದಿರಲೆಂದು ಏನಾದರೂ ಊದುತ್ತಿದ್ದನಂತೆ. ಅವಳಿಗದು ಗೊತ್ತೇ ಇರಲಿಲ್ಲ.

ಅವಳು ನಿಂತೇ ಹೇಳಿದಳು. ಕನ್ಸಿಡರ್ ಅಂದರೆ ಏನು, ಅವರು ಏನು ಅರ್ಥ ಮಾಡಿಕೊಂಡರು, ನಿನ್ನೆಯ ಪತ್ರದಲ್ಲಿ ನಿಜವಾಗಿ ಏನಿದೆ. “ಗೊತ್ತಿಲ್ಲದೆ ಆಗಿದ್ದಲ್ಲ. ಬೇಕಂತಲೇ ಬರೆದೆ.”

ಅವನ ಕೈಯಲ್ಲಿದ್ದ ಗಾಜು ಕೆಂಪಗಿತ್ತು. ತಿರುಗಿಸುವುದು ನಿಂತಿತು. ಮೆತ್ತಗಿದ್ದ ಗಾಜು ಒಂದು ಪಕ್ಕಕ್ಕೆ ಜೋತುಬಿತ್ತು. ಅವನು ಅದನ್ನು ಪಕ್ಕದ ತಗಡಿನ ಡಬ್ಬಿಗೆ ಹಾಕಿ ಬೆಂಕಿ ಆರಿಸಿದ. ಭರ್ರೆನ್ನುತ್ತಿದ್ದ ಸದ್ದು ನಿಂತದ್ದೇ ಇಡೀ ಮಹಡಿ ಕಿವುಡಾದಂತಾಯಿತು.

“ನಾನು ನಿಮಗೇನು ಮಾಡಿದ್ದೆ ಮೇಡಂ?”

“ಏನೂ ಇಲ್ಲ.”

“ನನ್ನ ಬಾಯಿ ತಗೊಂಡು ಹೋಗಿ ನಿಮ್ಮ ಕೈಲಿ ಇಟ್ಟಿದ್ದೆ. ನಂಬಿ.”

“ನೀವು ಹೋಗೋದು ನನಗೆ ಬೇಕಿರಲಿಲ್ಲ,” ಅಂದಳು. “ಅಷ್ಟೇ. ಬೇರೆ ಕಾರಣವಿಲ್ಲ.”

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಸಿಟ್ಟಿನ ಹಿಂದೆಯೇ ಬಂದ ಅದನ್ನು ಸಿಟ್ಟು ಮತ್ತೆ ಮುಚ್ಚಿತು.

“ಅದನ್ನ ಹೇಳಬಹುದಿತ್ತಲ್ಲ. ನಿಮಗೇನನ್ನಿಸುತ್ತೆ ಅಂತ ನಾನು ಕೇಳಿದ್ದೆ. ಕನ್ನಡದಲ್ಲೇ ಕೇಳಿದ್ದೆ.”

ಹೇಳಿ, ಕನ್ನಡಕ ಕಳಚಿಟ್ಟು, ಯಂತ್ರದ ಪಕ್ಕಕ್ಕೆ ಹೋಗಿ ಕೈಕಟ್ಟಿ ನಿಂತ. ಯಂತ್ರ ಇನ್ನೂ ಶುರುವಾಗಿರಲಿಲ್ಲ.

ಅವಳು ಮೇಲೆ ಹೋಗಿ ಪ್ರೊಫೆಸರಮ್ಮನಿಗೆ ತನ್ನ ಹೆಸರಿನಲ್ಲಿ ಬರೆದಳು. ಆ ಪತ್ರಕ್ಕೆ ಕರಡು ಇರಲಿಲ್ಲ. ಅವರು ಬರುತ್ತೇನೆ ಎಂದರು, ನಾನು ಅದನ್ನು ತಿರುಚಿ ಬರೆದೆ, ಕಾರಣ ನನ್ನ ಸ್ವಂತದ್ದು, ನಾಚಿಕೆಗೇಡಿನದು. ಅವರ ಇಂಗ್ಲಿಷ್ ಚಿಕ್ಕದು, ಅವರ ಕೆಲಸ ನಿಮಗೆ ಗೊತ್ತು. ತಡವಾಗಿರದಿದ್ದರೆ ಅವರನ್ನೇ ನೇರವಾಗಿ ಕೇಳಿ. ಕಂಪನಿಯ ಮ್ಯಾನೇಜರಿಗೆ ಈ ಪತ್ರ ತೋರಿಸಬೇಕೆನಿಸಿದರೆ ತೋರಿಸಬಹುದು. ಹನ್ನೊಂದು ಸಾಲು. ಕೊನೆಯಲ್ಲಿ ಯಾವ ರಿಗಾರ್ಡ್ಸೂ ಹಾಕಲಿಲ್ಲ, ಹೆಸರಷ್ಟೇ.

ಆಮೇಲಿನ ದಿನಗಳು ಹೇಗೆ ಹೋದವೋ! ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಬಾಗಿಲತ್ತ ತಿರುಗುವಳು. ಬಂದವರು ರವಾನೆಯ ಹಿರಿಯರು. ಮತ್ತೆ ಸದ್ದು. ಕಸ ಗುಡಿಸುವವಳು. ಗಾಜು ತಣ್ಣಗಾಗುವುದನ್ನು ಅವಸರ ಮಾಡಿದರೆ ಒಳಗೊಳಗೇ ಬಿರುಕು ಬಿಡುತ್ತದೆ, ನಿಧಾನಕ್ಕೆ ಆರಿಸಬೇಕು ಎಂದು ಅವನೇ ಒಮ್ಮೆ ಹೇಳಿದ್ದ. ಆದರೆ ಅವಳಿಗೆ ನಿಧಾನ ಬರುತ್ತಿರಲಿಲ್ಲ. ಒಂದೇ ದಿನ ಮೂರು ಸಲ ನೆಪ ಹೂಡಿ ಕೆಳಗಿಳಿದು, ಮೂರು ಸಲವೂ ಅರ್ಧ ಮೆಟ್ಟಿಲಿನಿಂದ ವಾಪಸಾದಳು. ಯಂತ್ರದ ಪಕ್ಕ ಅವನ ಬೆನ್ನು ಕಾಣುತ್ತಿತ್ತು. ಬೆನ್ನ ಹಿಂದೆ ಕಟ್ಟಿದ ಕೈಗಳ ಹೆಬ್ಬೆರಳು ತೋರುಬೆರಳಿನ ಮೇಲೆ ತಿರುಗುತ್ತಲೇ ಇತ್ತು, ಇಲ್ಲದ ಕೊಳವೆಯನ್ನು ತಿರುಗಿಸುವಂತೆ.

ಹದಿಮೂರನೆಯ ದಿನ ಅವನು ಬಾಗಿಲಲ್ಲಿ ನಿಂತಿದ್ದ. ನಗಲಿಲ್ಲ.

“ಪ್ರೊಫೆಸರಮ್ಮ ಮೇಲ್ ಮಾಡಿದ್ದಾರೆ. ಇವತ್ತು ನಾಲ್ಕು ಗಂಟೆಗೆ ವಿಡಿಯೋ ಕಾಲ್. ನಾನು ಊದೋದು ನೋಡಬೇಕಂತೆ. ಫೋನ್ ಹಿಡ್ಕೊಳ್ಳೋಕೆ ಒಬ್ಬರು ಬೇಕು.” ಆಮೇಲೆ ಸೇರಿಸಿದ, “ಬಾಯಿ ಬೇಡ. ಕೈ ಸಾಕು.”

“ಸರಿ,” ಅಂದಳು. ಅವನು ಕೇಳಿದ್ದೇ ಅವಳಿಗೆ ಸಾಕಾಗಿತ್ತು.

ನಾಲ್ಕು ಗಂಟೆಗೆ ಬರ್ನರ್ ಹೊತ್ತಿತು. ಪರದೆಯಲ್ಲಿ ಬೆಳ್ಳಿ ಕೂದಲಿನ, ಕನ್ನಡಕ ಹಾಕಿದ ಹೆಂಗಸೊಬ್ಬಳು ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಉಸ್ತಾದ್ ಕೊಳವೆಯನ್ನು ಜ್ವಾಲೆಗೆ ಹಿಡಿದ. ಗಾಜು ಮೊದಲು ಕೆಂಪು, ಆಮೇಲೆ ಕಿತ್ತಳೆಯಾಯಿತು. ಒಂದು ಕ್ಷಣ ಅದು ಗಾಜೋ ನೀರೋ ತಿಳಿಯದಂತೆ ಹೊಳೆಯಿತು. ಅವನು ಗಾಜಿನ ತುದಿಗೆ ಸಿಕ್ಕಿಸಿದ್ದ ರಬ್ಬರ್ ಕೊಳವೆ ಕಚ್ಚಿ ಉಸಿರು ಬಿಟ್ಟ. ಸುತ್ತಿದ, ಎಳೆದ, ಮತ್ತೆ ಸುತ್ತಿದ. ಒಂದರೊಳಗೊಂದು ಸುರುಳಿ ಏಳುತ್ತಿದ್ದುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇವನನ್ನು ಬಾಟಲಿಯ ಗುಳ್ಳೆ ನೋಡಲು ಇಲ್ಲೇ ಉಳಿಸಿಕೊಳ್ಳಲು ಹೊರಟಿದ್ದೆನಲ್ಲ ಎಂದುಕೊಂಡಳು. ಕೈ ನಡುಗಿತು. ಎರಡನೆಯ ಕೈಯಿಂದ ಫೋನಿಗೆ ಆಸರೆ ಕೊಟ್ಟಳು.

ಕೆಲಸ ಮುಗಿದಾಗ ಪ್ರೊಫೆಸರಮ್ಮ ಏನೋ ಕೇಳಿದಳು. ಉದ್ದದ, ವಿನಯದ ವಾಕ್ಯ. ಉಸ್ತಾದನಿಗೆ ಅರ್ಧ ಹತ್ತಿತು, ಅರ್ಧ ಹತ್ತಲಿಲ್ಲ. ಅಭ್ಯಾಸಬಲದಿಂದ ಅವಳತ್ತ ತಿರುಗಿದ. ಅವಳು ತುಟಿ ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದಳು.

ಅವನು ಹಣೆಯ ಬೆವರು ಒರೆಸಿಕೊಂಡು, ಫೋನಿನ ಹತ್ತಿರ ಮುಖ ತಂದು ದೊಡ್ಡ ದನಿಯಲ್ಲಿ ಹೇಳಿದ: “ಐ ವಾಂಟ್ ಕಮ್. ಐ ಕಮ್. ಎಸ್.”

ಪ್ರೊಫೆಸರಮ್ಮ ಕನ್ನಡಕ ತೆಗೆದು ನಕ್ಕಳು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

ಕರೆ ಮುಗಿಯಿತು. ಎರಡು ತಿಂಗಳಲ್ಲಿ ಹೊರಡಬೇಕು. ಅವನು ಸುರುಳಿಯನ್ನು ನಿಧಾನಕ್ಕೆ ಆರಲೆಂದು ಬಿಸಿ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದ. ಅವಳು ಫೋನನ್ನು ಮೇಜಿನ ಮೇಲಿಟ್ಟು, “ತುಂಬಾ ಸಂತೋಷ,” ಎಂದು ಹೊರಟಳು.

“ನಿಲ್ಲಿ. ಫೋನ್ ಹಾಗೆ ನಡುಗಿಸ್ತಾರಾ? ಅಲ್ಲಿ ಭೂಕಂಪ ಅಂದ್ಕೊಂಡಿರ್ತಾರೆ.”

ಅವಳು ತಿರುಗಿದಳು. ಅವನ ದನಿಯಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ.

“ನಿಮ್ಮ ಪತ್ರಾನೂ ಅವರು ನನಗೆ ಕಳಿಸಿದ್ರು. ಮೂರು ದಿನ ಕೂತು, ಡಿಕ್ಷನರಿ ಇಟ್ಕೊಂಡು ಓದಿದೆ. ಕೆಲಸ ಹೋಗಬಹುದಿತ್ತು ನಿಮ್ಮದು.”

“ಹೋಗಬಹುದಿತ್ತು.”

“ನಾನು ಹೋಗೋದು ಬೇಡ ಅಂತ ಇನ್ನೂ ಅನ್ನಿಸುತ್ತಾ?”

“ಹೂಂ.”

“ಆದ್ರೂ ಬರೆದ್ರಿ.”

“ಆ ಯಂತ್ರದ ಪಕ್ಕ ನಿಂತ ನಿಮ್ಮ ಬೆನ್ನು ನೋಡೋಕಾಗ್ತಿರಲಿಲ್ಲ,” ಅಂದಳು. ಆಮೇಲೆ ತಡೆಯಲಾಗಲಿಲ್ಲ. “ನಿಮ್ಮ ಮೇಲೆ ಪ್ರೀತಿ ನನಗೆ. ಯಾವಾಗಿನಿಂದ ಅಂತ ಕೇಳಬೇಡಿ, ಲೆಕ್ಕ ಇಟ್ಟಿಲ್ಲ.”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಮೊದಲ ದಿನ ನಾನು ಜಗಳಕ್ಕೆ ಬಂದಾಗ ಮುಖ ತಿರುಗಿಸ್ಕೊಂಡು ನಕ್ಕಿದ್ರಲ್ಲ, ಆವತ್ತಿನಿಂದ ನನ್ನದು. ಪ್ರೊಫೆಸರಮ್ಮನಿಗೆ ಒಂದು ಪತ್ರ ಸಾಕಾಗಿತ್ತು ಮೇಡಂ. ಒಂಬತ್ತು ಬರೆಸಿದೆ. ಯಾಕೆ ಅಂದ್ಕೊಂಡ್ರಿ?” ಅವನ ಕಣ್ಣುಗಳು ಕೆಂಪಾಗಿದ್ದವು. “ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನೂ ಹೇಳಿಬಿಡ್ತೀನಿ.”

“ಇಳಿಯೋವರೆಗೆ ಕಾಯ್ತೀನಿ.”

“ಎರಡೇ ತಿಂಗಳು ಇರೋದು.”

ಭಾನುವಾರ ಅವನು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತೋಳಿನ ಮೇಲೆ ಹಳೆಯ ಸುಟ್ಟ ಗುರುತುಗಳು. ಚಿಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳತೆ ತೆಗೆಯುವಂತೆ ನೋಡಿದಳು. ಟೀ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಕಾಯಲಿಲ್ಲ.

“ಏನಪ್ಪಾ, ಹೋಗಿ ಬಂದು ಮದುವೆ ಆಗ್ತೀಯೋ, ಮದುವೆ ಆಗಿ ಹೋಗ್ತೀಯೋ? ಸುತ್ತಿ ಬಳಸಬೇಡ. ಈ ಮನೇಲಿ ಅದನ್ನ ಮಾಡೋಕೆ ಒಬ್ಬಳಿದ್ದಾಳೆ, ಸಾಕು.”

ಅವನು ಟೀ ಬಟ್ಟಲು ಕೆಳಗಿಟ್ಟ. “ನನ್ನ ಮನಸ್ಸು ನನಗೆ ಗೊತ್ತು ಚಿಕ್ಕಮ್ಮ. ಅವರನ್ನ ಕೇಳಿ. ಎರಡು ವರ್ಷ ಅಲ್ಲಿ ಚಳಿ, ಗುರುತಿಲ್ಲದ ಊರು. ಬನ್ನಿ ಅಂತ ನಾನು ಎಳೆಯೋಕಾಗಲ್ಲ.”

ಇಬ್ಬರೂ ಅವಳತ್ತ ನೋಡಿದರು. ಅವಳ ಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸುತ್ತಾ ಹೋಯಿತು. ತಲೆಯೊಳಗೆ ನಾಲ್ಕೈದು ಉತ್ತರಗಳು ಒಂದನ್ನೊಂದು ತಳ್ಳಿಕೊಂಡು ಮುಂದೆ ಬಂದವು. ಯಾವುದನ್ನೂ ತಿದ್ದಲು ಹೋಗಲಿಲ್ಲ.

“ಮದುವೆ ಆಗಿ ಹೋಗೋಣ,” ಅಂದಳು. ಆಮೇಲೆ ಅವನನ್ನೇ ನೋಡುತ್ತಾ, ಇಷ್ಟು ದಿನದಲ್ಲಿ ಮೊದಲ ಸಲ ಬಹುವಚನ ಬಿಟ್ಟು ಕೇಳಿದಳು: “ನೀನೇನಂತೀಯ?”